ಒರಿಜಿನಲ್ ಜೀಪಿಗೆ ಮೆಟ್ಟಿಲಿತ್ತೇ?

ನನ್ನ ಕನ್ನಡಕದ ಡಬ್ಬಿಯಲ್ಲಿ ಈಗ ಕನ್ನಡಕ ಇಲ್ಲ, ಒಂದು ನಟ್ಟು ಇದೆ. ಯಾವುದರ ನಟ್ಟು ಎಂದು ನನ್ನನ್ನು ಕೇಳಬೇಡಿ. "ಅಕ್ಕಾ, ಇದನ್ನ ಒಂಚೂರು ಭದ್ರವಾಗಿ ಇಟ್ಕ, ಆಮೇಲೆ ಇಸ್ಕಂತೀನಿ" ಎಂದು ನನ್ನ ತಮ್ಮ ಬಸಣ್ಣ ಕೊಟ್ಟದ್ದು. ಆಮೇಲೆ ಅವನಿಗೂ ನೆನಪಿಲ್ಲ. ಜೀಪು ಪೂರ್ತಿ ಜೋಡಿಸಿಯಾಯಿತು, ಬಿಗಿಯಬೇಕಾದದ್ದನ್ನೆಲ್ಲ ಬಿಗಿದಾಯಿತು, ಇದೊಂದು ಮಾತ್ರ ಉಳಿದುಕೊಂಡಿದೆ. "ಎಕ್ಸ್‌ಟ್ರಾ ಇರ್ಬೇಕು ಬಿಡು" ಎನ್ನುತ್ತಾನೆ. ಮಿಲಿಟರಿಯವರು ಎಕ್ಸ್‌ಟ್ರಾ ನಟ್ಟು ಹಾಕಿ ಗಾಡಿಯನ್ನು ಯುದ್ಧಕ್ಕೆ ಕಳಿಸುತ್ತಾರೆಯೇ? ನಾನು ಓದಿದ ಕಾನ್ವೆಂಟಿನಲ್ಲಿ ಹೇರ್‌ಪಿನ್ನಿಗೂ ಒಂದು ನಿಗದಿಯಾದ ಜಾಗ ಇತ್ತು. ಜಾಗವಿಲ್ಲದ ವಸ್ತುವನ್ನು ಕಂಡರೆ ನನಗೆ ಇವತ್ತಿಗೂ ಒಂದು ತರಹ ಅನ್‌ಈಸಿ.

ಮೊದಲಿನಿಂದ ಹೇಳೋಣವೆಂದರೆ, ಮೊದಲು ಯಾವುದು ಎನ್ನುವುದೇ ನಮ್ಮ ಮನೆಯ ಇಡೀ ತಕರಾರು. ಆದರೂ ಒಂದು ಕಡೆಯಿಂದ ಹಿಡಿದುಕೊಳ್ಳುತ್ತೇನೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಿಲಿಟರಿಯವರು ತಮಗೆ ಬೇಡವಾದ ಗಾಡಿಗಳನ್ನು ಬೆಂಗಳೂರಿನಲ್ಲಿ ಹರಾಜು ಹಾಕುತ್ತಿದ್ದರಂತೆ. ನಮ್ಮ ಅಪ್ಪ ಹಿರಿಯೂರಿನಲ್ಲಿ ಕುರಿ ಉಣ್ಣೆಯ ವ್ಯಾಪಾರಿ. ಕುರಿಯವರ ಹಟ್ಟಿಗಳು ಟಾರು ರಸ್ತೆಯ ಪಕ್ಕದಲ್ಲಿ ಕೂತು ವ್ಯಾಪಾರಿಗಾಗಿ ಕಾಯುವುದಿಲ್ಲ. ಜಾಲಿಯ ಮುಳ್ಳು, ಬತ್ತಿದ ಹಳ್ಳ, ಮೊಣಕಾಲುದ್ದ ಮರಳು ಇವನ್ನೆಲ್ಲ ದಾಟಿದ ಮೇಲೆ ಎಲ್ಲೋ ಮೇವಿನ ಕಾವಲಿನ ನಡುವೆ ಇರುತ್ತವೆ. ಎತ್ತಿನ ಗಾಡಿಯಲ್ಲಿ ಹೋಗಿ ಬರುವಷ್ಟರಲ್ಲಿ ದಾವಣಗೆರೆಯವರು ಬಂದು ಉಣ್ಣೆ ಎತ್ತಿಕೊಂಡು ಹೋಗಿರುತ್ತಿದ್ದರು. ಅದಕ್ಕೇ ಅಪ್ಪ ಒಂದು ಮಿಲಿಟರಿ ಜೀಪು ತಂದರು. ಅಮೆರಿಕದವರಿಗಾಗಿ ಮಾಡಿದ ಗಾಡಿಯಾದ್ದರಿಂದ ಸ್ಟೀರಿಂಗ್ ಎಡಗಡೆ. ನಮ್ಮ ದೇಶದಲ್ಲಿ ಡ್ರೈವರ್ ಕೂರುವ ಬಲಗಡೆಯಲ್ಲಿ ನಾನು, ಫ್ರಾಕು ಹಾಕಿಕೊಂಡು, ಎರಡು ಜಡೆಗೆ ಟೇಪು ಕಟ್ಟಿಕೊಂಡು ಕೂರುತ್ತಿದ್ದೆ. ಹಟ್ಟಿಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ನೋಡ್ರೇ, ಸಾಹುಕಾರ್ರ ಮಗಳು ಕೈ ಬಿಟ್ಕಂಡು ಗಾಡಿ ಹೊಡೀತೈತೆ!" ಎಂದು ಕೂಗುತ್ತಿದ್ದರು. ನಾನು ತಿದ್ದಲಿಲ್ಲ. ಕುತ್ತಿಗೆ ಇನ್ನಷ್ಟು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ.

ಸೋಮವಾರ ಬೆಳಿಗ್ಗೆ ಅದೇ ಜೀಪಿನಲ್ಲಿ ಅಪ್ಪ ನನ್ನನ್ನು ದುರ್ಗದ ಕಾನ್ವೆಂಟಿಗೆ ಬಿಡುತ್ತಿದ್ದರು. ಹಿಂದೆ ಉಣ್ಣೆಯ ಮೂಟೆ, ಮುಂದೆ ನಾನು. ಗೇಟಿನಲ್ಲಿ ಇಳಿಯುವಷ್ಟರಲ್ಲಿ ನನ್ನ ಬಿಳೀ ಯೂನಿಫಾರ್ಮು ಒಂದು ಸಣ್ಣ ಕುರಿಮಂದೆಯಂತೆ ವಾಸನೆ ಹೊಡೆಯುತ್ತಿತ್ತು. ಒಂದು ದಿನ ಐರಿಷ್ ಮದರ್ ಕರ್ಚೀಫನ್ನು ಮೂಗಿನ ಹತ್ತಿರ ತಂದುಕೊಂಡು, "ಚೈಲ್ಡ್, ಡು ಯು ಕೀಪ್ ಶೀಪ್?" ಎಂದು ಕೇಳಿದರು. "ನೋ ಮದರ್, ಓನ್ಲಿ ದೇರ್ ಹೇರ್" ಎಂದೆ. ಗ್ರಾಮರ್ ಸರಿಯಿತ್ತು, ಆದ್ದರಿಂದ ಬೈಯಲಿಕ್ಕೆ ಅವರಿಗೆ ಕಾರಣ ಸಿಗಲಿಲ್ಲ.

ಬಸಣ್ಣ ಆಗಿನ್ನೂ ಹುಟ್ಟಿರಲಿಲ್ಲ. ಈ ಒಂದು ವಿಷಯದಲ್ಲಿ ಅವನಿಗೆ ನನ್ನ ಮೇಲೆ ತೀರದ ಹೊಟ್ಟೆಕಿಚ್ಚು. ಜೀಪು ಮನೆಗೆ ಬಂದ ದಿನ ಅದನ್ನು ಕಣ್ಣಾರೆ ನೋಡಿ ಇನ್ನೂ ಉಸಿರಾಡುತ್ತಿರುವವಳು ನಾನೊಬ್ಬಳೇ.

ಅಪ್ಪ ತೀರಿದ ಮೇಲೆ ಜೀಪು ಹೊಸದುರ್ಗದ ನಮ್ಮ ದೊಡ್ಡಪ್ಪನ ಮಕ್ಕಳ ತೋಟ ಸೇರಿತು. ಅವರು ಅದಕ್ಕೆ ಬೆಲ್ಟು ಕಟ್ಟಿ ನೀರೆತ್ತಿದರು, ಬಾವಿಯ ಹೂಳೆಳೆದರು, ಕೊನೆಗೆ ಸೀಟು ಕಿತ್ತು ಕೋಳಿ ಸಾಕಿದರು. ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದೆ, ಬಸಣ್ಣ ಸಹಕಾರಿ ಬ್ಯಾಂಕಿನಿಂದ ರಿಟೈರ್ ಆದ. ಈಗ ದುರ್ಗದ ಅವನ ಮನೆಯಲ್ಲೇ ಹೊರಗಿನ ರೂಮಿನಲ್ಲಿ ನಾನಿದ್ದೇನೆ. ಹೋದ ವರ್ಷ ಒಂದು ದಿನ ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತಿತು. ಟ್ರೇಲರಿನಲ್ಲಿ ಜೀಪು, ಜೀಪಿನಲ್ಲಿ ಒಂದು ಕೋಳಿ. ಅದಕ್ಕೆ ಯಾರೂ ವಿಷಯ ತಿಳಿಸಿರಲಿಲ್ಲ ಎಂದು ಕಾಣುತ್ತದೆ.

"ಅಕ್ಕಾ, ಇದನ್ನ ರಿಸ್ಟೋರ್ ಮಾಡ್ತೀನಿ. ಅಪ್ಪನ ಕಾಲ್ದಾಗೆ ಹೆಂಗಿತ್ತೋ ಹಂಗೆ. ಒಂದು ಸ್ಕ್ರೂ ಆಚೀಚೆ ಆಗಾಂಗಿಲ್ಲ" ಎಂದ ಬಸಣ್ಣ. ಮುಂದಿನ ಆಯುಧ ಪೂಜೆಗೆ ಜೀಪು ಬೀದಿಗಿಳಿಯಬೇಕೆಂದು ಅವತ್ತೇ ಶಪಥವಾಯಿತು. ಜೀವನವಿಡೀ ರಬ್ಬರ್ ಸ್ಟಾಂಪು ಬಿಟ್ಟರೆ ಬೇರೆ ಉಪಕರಣ ಹಿಡಿದವನಲ್ಲ. ಅವನ ಹೆಂಡತಿ ಶಾಂತ ಒಲೆಯ ಮುಂದಿನಿಂದಲೇ ಹೇಳಿದಳು: "ಮನೆಯಾಗೆ ಮಿಕ್ಸಿ ಕೆಟ್ಟು ಮೂಲೆಗೆ ಬಿದ್ದೈತೆ. ಅದನ್ನ ಮೊದ್ಲು ರಿಸ್ಟೋರ್ ಮಾಡ್ರಿ."

ನನಗೆ ಖುಷಿಯೇ ಆಯಿತು. ಆದರೆ ಆ ಖುಷಿ ಸಂಜೆವರೆಗೂ ಬಾಳಲಿಲ್ಲ. ಜೀಪಿನ ಹತ್ತಿರ ಹೋಗಿ ನಿಂತು ನೋಡಿದೆ. ಚಿಕ್ಕವಳಿದ್ದಾಗ ಹಾರಿ ಕೂರುತ್ತಿದ್ದ ಸೀಟಿನ ಜಾಗ ಈಗ ನನ್ನ ಸೊಂಟದ ಎತ್ತರಕ್ಕಿತ್ತು. ನನ್ನ ಎರಡು ಮೊಣಕಾಲುಗಳು ಅಂಗಳದ ಹೊಸ್ತಿಲನ್ನೇ ಅರ್ಜಿ ಕೊಟ್ಟು ದಾಟುವಂಥವು. ಅಪ್ಪನ ಜೀಪಿನಲ್ಲಿ ಇನ್ನೊಂದು ಸಲ, ಒಂದೇ ಒಂದು ಸಲ, ಕೂತು ಹೋಗಬೇಕು. ನನಗೆ ಬೇಕಾದದ್ದು ಅಷ್ಟೇ. ಅದಕ್ಕೆ ಒಂದು ಮೆಟ್ಟಿಲು ಬೇಕು. ಮೆಟ್ಟಿಲು ಒರಿಜಿನಲ್ ಅಲ್ಲ.

"ಸ್ಟೂಲ್ ಇಟ್ಕಂಡು ಹತ್ತು ಅಕ್ಕ" ಎಂದ.

"ಹತ್ತಾವಾಗ ಸ್ಟೂಲ್ ಇರ್ತೈತೆ. ಇಳಿಯೋ ಕಡೆ ಯಾರಿಡ್ತಾರೋ?"

"ಮೆಟ್ಲು ಹಾಕಿದ್ರೆ ಅದು ಮಾಡಿಫಿಕೇಶನ್ ಆಗ್ತೈತೆ."

"ನಿನ್ನ ಬೆನ್ನಿಗೆ ಫೋಮು ಹಾಕಿಸಿ ರೆಕ್ಸಿನ್ ಸೀಟು ಹೊಲಿಸ್ತೀನಿ ಅಂತೀಯಲ್ಲ, ಅದೇನು?"

"ಅದು ಮೆಡಿಕಲ್ಲು. ಅಲ್ದೆ ಅದನ್ನ ಬಿಚ್ಚಿ ತೆಗೀಬೋದು. ವೆಲ್ಡಿಂಗ್ ಬಿಚ್ಚಾಕೆ ಬರಲ್ಲ."

ಈ ಫಿಲಾಸಫಿ ನನಗೆ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಹಾರ್ನು ಹೊಸದು, ಬ್ಯಾಟರಿ ಹೊಸದು, ಹೆಡ್‌ಲೈಟಿನೊಳಗೆ ಹಾಲಿನಂಥ ಬೆಳಕಿನ ಹೊಸ ಬಲ್ಬು. ಇವೆಲ್ಲ ರಿಸ್ಟೋರೇಶನ್. ನನ್ನ ಒಂದು ಅಂಗೈ ಅಗಲದ ಕಬ್ಬಿಣ ಮಾತ್ರ ಮಾಡಿಫಿಕೇಶನ್!

ಅಷ್ಟರಲ್ಲಿ ನನ್ನ ಇಂಗ್ಲಿಷಿಗೆ ಬೇಡಿಕೆ ಬಂತು. ಬಸಣ್ಣ ಮೊಬೈಲಿನಲ್ಲಿ ಯಾರೋ ಗಡ್ಡದ ಅಮೆರಿಕನ್ ಜೀಪು ಬಿಚ್ಚುವುದನ್ನು ನೋಡುತ್ತಿದ್ದ. "ಅಕ್ಕಾ, ಇವನೇನಂತಾನೆ ಹೇಳು" ಎಂದು ತಂದು ಕಿವಿಗೆ ಹಿಡಿಯುತ್ತಿದ್ದ. ನನಗೆ ಐರಿಷ್ ಮದರ್ ಕಲಿಸಿದ ಇಂಗ್ಲಿಷಿನಲ್ಲಿ ಹುಲ್ಲುಗಾವಲು, ಮೋಡ, ಕೃತಜ್ಞತೆ ಇವೆಲ್ಲ ಇದ್ದವು. ಸ್ಪ್ರಿಂಗ್ ಶ್ಯಾಕಲ್ ಇರಲಿಲ್ಲ. ಅವನು 'ಸ್ಪೈಡರ್' ಎಂದ. ನಾನು "ಜೇಡ ಐತಂತೆ ಕಣೋ ಒಳಗೆ, ನೋಡ್ಕಂಡು ಕೈ ಹಾಕು" ಎಂದೆ. ಅದು ಗೇರಿನ ಒಂದು ಭಾಗವಂತೆ. ಆಮೇಲೆ ಆ ಗಡ್ಡದವನು 'ಗ್ರೀಸ್ ನಿಪ್ಪಲ್' ಎಂದಾಗ ನಾನು ಅರ್ಥ ಹೇಳದೆ, "ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ" ಎಂದುಬಿಟ್ಟೆ. "ಇಷ್ಟೊರ್ಷ ಪಾಠ ಮಾಡಿದ್ದು ಯಾವ ಇಂಗ್ಲಿಷಕ್ಕ?" ಎಂದು ಬಸಣ್ಣ ಕೇಳಿದ.

ವೆಲ್ಡಿಂಗ್ ಮತ್ತು ತಗಡಿನ ಕೆಲಸಕ್ಕೆ ತಿಪ್ಪೇಸ್ವಾಮಿ ಬರುತ್ತಿದ್ದ. ಮದಕರಿಪುರದ ಕಡೆಯವನು. ಗೇಟು, ಟ್ರೇಲರು, ದನ ಕಟ್ಟುವ ಗೂಟ ಎಲ್ಲ ಮಾಡುವವನು. ಬಾಯಿ ಒಂದು ನಿಮಿಷ ಸುಮ್ಮನಿರುವುದಿಲ್ಲ. ಬಣ್ಣ ಕೆರೆಯಲು ಕೂತ ದಿನ, "ಅಮ್ಮಾರೆ, ಇದು ಈರುಳ್ಳಿ ಸುಲ್ದಂಗೆ ಐತಲ್ರಿ!" ಎಂದು ಕೂಗಿದ. ದುರ್ಗದ ಸೀಮೆಯಲ್ಲಿ ಈರುಳ್ಳಿ ಬಿಟ್ಟು ಬೇರೆ ಉಪಮೆ ಯಾರಿಗೂ ಹೊಳೆಯುವುದಿಲ್ಲ, ಇರಲಿ. ಹೋಗಿ ನೋಡಿದರೆ ಅವನ ಮಾತು ಸುಳ್ಳಲ್ಲ.

ನಮ್ಮ ಅಪ್ಪನದೊಂದು ಪದ್ಧತಿ. ಆಯುಧ ಪೂಜೆಗೆ ಜೀಪು ಹೊಸ ಬಟ್ಟೆ ಉಟ್ಟಿರಲೇಬೇಕು. ಆದರೆ ಅದಕ್ಕೆಂದು ಬೇರೆ ಬಣ್ಣ ತರುವುದು ದುಂದು. ಆದ್ದರಿಂದ ಆ ಹಬ್ಬಕ್ಕೆ ಮನೆಗೆ ಬಳಿದು ಉಳಿದ ಬಣ್ಣ ಯಾವುದೋ ಅದೇ ಜೀಪಿಗೆ. ಎಲ್ಲಕ್ಕಿಂತ ಮೇಲೆ ಹೊಸದುರ್ಗದವರ ಟ್ರ್ಯಾಕ್ಟರಿನ ಕೆಂಪು. ಅದರ ಕೆಳಗೆ ಹಿರಿಯೂರಿನ ಮನೆಯ ಕಿಟಕಿಯ ಪಿಸ್ತಾ ಹಸಿರು. ಅದರ ಕೆಳಗೆ ಅಡಿಗೆಮನೆ ಬಾಗಿಲಿನ ನೀಲಿ. ಅದರ ಕೆಳಗೆ ಜಗುಲಿಗೆ ಬಳಿಯುತ್ತಿದ್ದ ಕಾವಿ. ತಿಪ್ಪೇಸ್ವಾಮಿ ಕೆರೆದಷ್ಟೂ ನಮ್ಮ ಮನೆಯೇ ಬರುತ್ತಿತ್ತು. ನಾನು ಬೆರಳಿಟ್ಟು ಇದು ಅವ್ವ ಇದ್ದಾಗಿನದು, ಇದು ಬಸಣ್ಣ ಹುಟ್ಟಿದ ವರ್ಷದ್ದು ಎಂದು ಹೇಳುತ್ತ ಹೋದೆ. ಹೇಳಿದ್ದೆಲ್ಲ ಸರಿಯೋ ತಪ್ಪೋ ತಿಳಿಯದು. ನನ್ನನ್ನು ತಪ್ಪು ಎನ್ನುವವರು ಯಾರೂ ಉಳಿದಿಲ್ಲವಾದ್ದರಿಂದ ಧೈರ್ಯವಾಗಿ ಹೇಳಿದೆ.

"ಈಗ ಹೇಳಕ್ಕ, ನೀನು ಮೊದಲು ನೋಡಿದ್ದು ಯಾವ ಬಣ್ಣ?" ಬಸಣ್ಣ ಕೈಯಲ್ಲಿ ಪೆನ್ಸಿಲ್ ಹಿಡಿದು ನಿಂತಿದ್ದ.

"ನೀಲಿ" ಎಂದೆ. ನನ್ನ ಕಣ್ಣಿನಲ್ಲಿ ಜೀಪು ಯಾವಾಗಲೂ ನೀಲಿಯೇ.

"ನೀಲಿ ಕೆಳಗೆ ಇನ್ನೂ ಅವಲ್ಲ ಬಣ್ಣ!"

ಕಾವಿಯ ಕೆಳಗೆ ಮಿಲಿಟರಿಯ ಹಸಿರು ಬಂತು. ಬಸಣ್ಣ ಚಪ್ಪಾಳೆ ತಟ್ಟಿದ. ತಿಪ್ಪೇಸ್ವಾಮಿ ಸುಮ್ಮನಿರದೆ ಇನ್ನೊಂದು ಸಲ ಕೆರೆದ. ಹಸಿರಿನ ಕೆಳಗೆ ಮರಳಿನ ಬಣ್ಣ! ಮಿಲಿಟರಿಯವರೂ ಯಾವುದೋ ಹಬ್ಬಕ್ಕೆ ಬಳಿದಿದ್ದರೇನೋ. "ಸಾರ್, ಇನ್ನೂ ಕೆರೀಲಾ?" ಎಂದ. ಬಸಣ್ಣ ಬ್ಯಾಡ ಬ್ಯಾಡ ಎಂದು ಅವನ ಕೈ ಹಿಡಿದುಕೊಂಡ. ಕೊನೆಗೆ ಮಿಲಿಟರಿ ಹಸಿರೇ ಒರಿಜಿನಲ್ ಎಂದು ತೀರ್ಮಾನವಾಯಿತು. ನನಗೆ ಮಾತ್ರ ಗೊಂದಲ. ನನ್ನ ನೀಲಿ ಜೀಪಿನಲ್ಲಿ ನಾನು ಕೂತದ್ದು ಸುಳ್ಳೇ? ಅಥವಾ ಅಡಿಗೆಮನೆಯ ಬಾಗಿಲನ್ನೇ ಜೀಪು ಎಂದುಕೊಂಡು ಇಷ್ಟು ವರ್ಷ ಅದರ ಮೇಲೆ ಸವಾರಿ ಮಾಡಿದೆನೇ?

ಈ ಕೆರೆತದಲ್ಲೇ ಬಾಡಿಯ ಎಡಮಗ್ಗುಲಲ್ಲಿ ತವರ ಹಾಕಿ ಮುಚ್ಚಿದ ತೂತುಗಳು ಕಂಡವು.

ತೂತು ಕಂಡದ್ದೇ ನನ್ನ ತಲೆಯಲ್ಲಿ ಯಾವುದೋ ಬಾಗಿಲು ತೆರೆದಂತಾಯಿತು. ನಮ್ಮ ಅಜ್ಜಿ, ಅಪ್ಪನ ತಾಯಿ, ಭಾರೀ ಮಡಿಯ ಹೆಂಗಸು. ನೆರಿಗೆ ಮೇಲೆತ್ತಿ ಹತ್ತುವುದೆಂದರೆ ಅವಳಿಗೆ ಪ್ರಾಣಹೋದಂತೆ. ಬೆಳ್ಳಿಯ ಕಾಲುಂಗುರದ ಅವಳ ಪಾದ ಗೆರೆಗೆರೆಯ ಕಬ್ಬಿಣದ ಮೆಟ್ಟಿಲೊಂದರ ಮೇಲೆ ನಿಧಾನಕ್ಕೆ ಊರುವುದು, ಅಪ್ಪ "ಅವ್ವಾ, ಹುಷಾರವ್ವಾ" ಎನ್ನುವುದು, ಎಲ್ಲ ಫೋಟೋದಂತೆ ಎದ್ದು ಬಂತು.

"ಬಸೂ, ಇಲ್ಲಿ ಮೆಟ್ಲಿತ್ತು! ಅಜ್ಜಿಗೆ ಅಂತ ಅಪ್ಪ ಹಾಕ್ಸಿದ್ರು. ಒರಿಜಿನಲ್ಲೇ ಮೆಟ್ಲು!"

"ಅದು ಮಿಲಿಟರಿಯೋರು ಸಲಿಕೆ, ಕೊಡಲಿ ಕಟ್ಟಾಕೆ ಮಾಡಿದ ತೂತಕ್ಕ. ಮೊಬೈಲ್ನಾಗೆ ಆ ಗಡ್ಡದೋನು ತೋರ್ಸಿದಾನೆ."

"ಅವನು ನಮ್ಮಜ್ಜಿನ ನೋಡಿದಾನೇನೋ?"

ಬಸಣ್ಣ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಜೀಪಿನ ಹಳೆಯ ಕಾಲಕ್ಕೆ ಸಾಕ್ಷಿ ನಾನೊಬ್ಬಳೇ ಎಂದು ಎಲ್ಲರ ಮುಂದೆ ಹೇಳಿಕೊಂಡು ಬಂದವನೂ ಅವನೇ. ತಿಪ್ಪೇಸ್ವಾಮಿ ನನ್ನ ಕಡೆ ವಾಲಿದ. "ಇಲ್ಲ ಅಂದ್ರೆ ತೂತು ಯಾಕ್ ಬರ್ತಾವ್ ಸಾರ್? ಅಮ್ಮಾರು ಹೇಳಾದು ಕರೆಕ್ಟ್ ಐತೆ. ಗೆರೆ ಹೊಡೆದ ಪ್ಲೇಟು ನನ್ ಹತ್ರ ಐತೆ, ನಾಳೆ ತತ್ತೀನಿ."

ಆ ದಿನ ಗೆದ್ದೆನೆಂದು ನಾನು ಕೋಣೆಗೆ ಬಂದು ಮಂಚದ ಮೇಲೆ ಕೂತೆ. ಕೂತ ಮೇಲೆ ಇನ್ನೊಂದು ನೆನಪು ಬಂತು. ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಜಟಕಾಗಳು ನಿಲ್ಲುತ್ತಿದ್ದವು. ಜಟಕಾದ ಹಿಂದೆಯೂ ಒಂದು ಕಬ್ಬಿಣದ ಮೆಟ್ಟಿಲು ಇರುತ್ತಿತ್ತಲ್ಲ? ಅದಕ್ಕೂ ಗೆರೆಗಳಿದ್ದವೇ? ಅಜ್ಜಿಯ ಪಾದ ಇತ್ತು, ಮೆಟ್ಟಿಲು ಇತ್ತು. ಅದಕ್ಕೆ ಮುಂದುಗಡೆ ಇದ್ದದ್ದು ಇಂಜಿನ್ನೋ ಕುದುರೆಯೋ? ಎಷ್ಟು ಕಣ್ಣು ಮುಚ್ಚಿ ನೋಡಿದರೂ ನೆನಪು ಅಜ್ಜಿಯ ಪಾದದಿಂದ ಆಚೆಗೆ ಕದಲಲಿಲ್ಲ. ನನಗೆ ಬೇಕಾಗಿದೆ ಎಂಬ ಕಾರಣಕ್ಕೆ ನೆನಪಾಯಿತೋ, ನೆನಪಾದದ್ದರಿಂದ ಬೇಕೆನಿಸಿತೋ ಎನ್ನುವುದನ್ನು ನೀವೇ ಬಿಡಿಸಿ. ನಾನು ದೀಪ ಆರಿಸಿದೆ.

ಮರುದಿನ ತಿಪ್ಪೇಸ್ವಾಮಿ ತೂತುಗಳಿದ್ದ ಜಾಗದಲ್ಲೇ ಮೆಟ್ಟಿಲು ಕೂರಿಸಿದ. ಕಿಡಿ ಹಾರುವಾಗ ಬಸಣ್ಣ ಮುಖ ತಿರುಗಿಸಿ ನಿಂತಿದ್ದ, ಹಲ್ಲು ಕೀಳಿಸಿಕೊಳ್ಳುವ ಮಗುವಿನ ತಂದೆಯ ಹಾಗೆ. ಆಗ ಬಣ್ಣಕ್ಕೆಂದು ಸ್ಟೀರಿಂಗ್ ಕಳಚಿ ಇಟ್ಟಿದ್ದರು, ಸೀಟುಗಳು ಹೊಲಿಗೆಗೆ ಹೋಗಿದ್ದವು. ಜೀಪು ಒಂದು ಖಾಲಿ ತೊಟ್ಟಿಯಂತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾವು ಮೂವರೂ ಮೂರ್ಖರಲ್ಲ ಎಂದು ನೀವು ನಂಬಬೇಕು. ನಮ್ಮ ಕಡೆ ಯಾವುದನ್ನಾದರೂ ಹತ್ತುವುದೆಂದರೆ ಎಡಗಡೆಯಿಂದ. ಬಸ್ಸಾದರೂ ಸರಿ, ಸ್ಕೂಟರಿನ ಹಿಂದಿನ ಸೀಟಾದರೂ ಸರಿ. ಎಡಗಡೆ ಮೆಟ್ಟಿಲು ಹಾಕಿದಾಗ ಯಾರಿಗೂ ಏನೂ ಅನುಮಾನ ಬರಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಬಂತು. ಜೀಪು ಅಂಗಳದಿಂದ ಬೀದಿಗೆ ಮೂತಿ ಮಾಡಿ ನಿಂತಿತ್ತು. ಸೇವಂತಿಗೆ ಹಾರ, ಬಾನೆಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ, ಚಕ್ರದ ಕೆಳಗೆ ನಿಂಬೆಹಣ್ಣು. ಬೀದಿಯವರೆಲ್ಲ ಸೇರಿದ್ದರು. ಶಾಂತ ಆರತಿ ಎತ್ತಿದಳು. "ಅಕ್ಕಾರು ಮೊದ್ಲು ಹತ್ಲಿ" ಎಂದಳು.

ನಾನು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟೆ. ಮೊಣಕಾಲು ಏನೋ ಅಂದಿತು, ನಾನು ಕೇಳಿಸಿಕೊಳ್ಳಲಿಲ್ಲ. ತಿಪ್ಪೇಸ್ವಾಮಿ ಒಂದು ಕೈ, ಶಾಂತ ಒಂದು ಕೈ ಹಿಡಿದರು. ಎದ್ದೆ, ತಿರುಗಿದೆ, ಕೂತೆ. ಬೀದಿಯವರು ಹೋ ಎಂದರು. ಉಸಿರು ಬಿಟ್ಟು ಕಣ್ಣು ತೆರೆದು ನೋಡುತ್ತೇನೆ, ಎದೆಗೆ ಎದುರಾಗಿ ಸ್ಟೀರಿಂಗು.

"ಅಕ್ಕಾರೆ, ನೀವ್ಯಾಕ್ರಿ ಅಲ್ಲಿ ಕುಂತ್ರಿ?" ಶಾಂತ ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದಳು.

"ನೀವೇ ಹತ್ಸಿದ್ರಲ್ಲೇ!"

ಬಸಣ್ಣ ನನ್ನನ್ನು ನೋಡಿದ, ಮೆಟ್ಟಿಲನ್ನು ನೋಡಿದ, ಮುಚ್ಚಿದ ತೂತುಗಳಿದ್ದ ಜಾಗವನ್ನು ನೋಡಿದ. ಆಮೇಲೆ ಬಹಳ ನಿಧಾನವಾಗಿ ಕೇಳಿದ: "ಅಕ್ಕಾ, ನಮ್ಮಜ್ಜಿ ಈ ಕಡೆ ಹತ್ತಿ ಎಲ್ಲಿ ಕುಂತ್ಕಂತಿದ್ಲು? ಅಪ್ಪನ ತೊಡೆ ಮೇಲಾ? ಇಲ್ಲ, ಅಜ್ಜೀನೇ ಗಾಡಿ ಹೊಡೀತಿದ್ಲಾ?"

ಬೀದಿಯಲ್ಲಿ ನಗು ಎದ್ದಿತು. ಜಟಕಾದ ಕುದುರೆಯೇ ಇರಬೇಕು ಎಂದುಕೊಂಡೆ. ಆದರೂ ಬಾಯಲ್ಲಿ, "ನಮ್ಮಜ್ಜಿ ಏನೂ ಕಮ್ಮಿ ಇರ್ಲಿಲ್ಲ" ಎಂದೆ.

"ಸರಿ, ಇಳಿ. ಆ ಕಡೆ ಸ್ಟೂಲ್ ಹಾಕ್ತೀನಿ."

ಇಳಿಯಲು ನೋಡಿದೆ. ಹತ್ತುವಾಗ ದೊಡ್ಡದಾಗಿ ಕಂಡ ಮೆಟ್ಟಿಲು ಮೇಲಿನಿಂದ ನೋಡಿದರೆ ಬಾವಿಯ ತಳದಲ್ಲಿದ್ದಂತೆ ಕಂಡಿತು. ಒಳಗೊಳಗೇ ಪಕ್ಕದ ಸೀಟಿಗೆ ಸರಿಯೋಣವೆಂದರೆ ನಡುವೆ ಗೇರಿನ ಕೋಲುಗಳು ಜಾಲಿಕಂಟಿಯಂತೆ ನಿಂತಿದ್ದವು. ಒಂದು ಸಲ ಇಳಿದರೆ ಇನ್ನೊಂದು ಸಲ ಹತ್ತಲಾರೆ ಎನ್ನುವುದು ನನ್ನ ಮೊಣಕಾಲುಗಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಇಳಿಯಲ್ಲ" ಎಂದೆ.

"ಇಳಿದೇ ಇದ್ರೆ ಗಾಡಿ ಹೆಂಗಕ್ಕ ಓಡ್ಸಾದು? ಪೂಜೆ ಆಗೈತೆ, ನಿಂಬೆಹಣ್ಣು ತುಳೀಬೇಕು."

"ಅದೆಲ್ಲ ನಂಗೊತ್ತಿಲ್ಲ. ನಾನು ಇಳಿಯಲ್ಲ ಬಸೂ."

ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಸಣ್ಣ ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ತಿಪ್ಪೇಸ್ವಾಮಿ ಬಾಯಿ ಹಾಕಿದ: "ಸಾರ್, ಇಂಜಿನ್ನೇ ಬ್ಯಾಡ. ನ್ಯೂಟ್ರಲ್ನಾಗೆ ಇಡ್ರಿ, ನಾವು ತಳ್ತೀವಿ. ಅಮ್ಮಾರು ಸ್ಟೀರಿಂಗ್ ಹಿಡ್ಕಳ್ಳಿ. ನೀವು ಆ ಕಡೆ ಕುಂತ್ಕಂಡು ಹ್ಯಾಂಡ್‌ಬ್ರೇಕ್ ನೋಡ್ಕಳ್ರಿ. ಬೀದಿ ಕೊನೇತಂಕ ಹೋಗಾಣ."

"ಅಕ್ಕನಿಗೆ ಡ್ರೈವಿಂಗ್ ಬರಲ್ಲಪ್ಪ."

"ಬೀದಿ ನೆಟ್ಟಗೈತಲ್ ಸಾರ್!"

ಬಸಣ್ಣ ಸುತ್ತಿಕೊಂಡು ಬಂದು ಬಲಗಡೆ ಹತ್ತಿ ಕೂತ. ಮುಂದೆ ಸ್ಟೀರಿಂಗ್ ಇಲ್ಲದೆ ಅವನ ಕೈಗಳು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಆಡುತ್ತಿದ್ದವು. ಆಮೇಲೆ ಡ್ಯಾಶ್‌ಬೋರ್ಡಿನ ನಡುವಿನ ಹ್ಯಾಂಡ್‌ಬ್ರೇಕನ್ನು ಸಡಿಲಿಸಿದ. ಹಿಂದಿನಿಂದ "ಏಯ್, ಹಾಕ್ರಲೇ ಕೈ" ಎಂದು ಯಾರೋ ಕೂಗಿದರು. ಜೀಪು ಒಮ್ಮೆ ಹಿಂದಕ್ಕೆ ಆಡಿ, ಮುಂದಕ್ಕೆ ಸರಿಯಿತು. ನಿಂಬೆಹಣ್ಣು ಪಿಚಕ್ಕೆಂದಿತು. ಶಾಂತ ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಡೆದು ಬರುತ್ತ, "ನಿಧಾನ್ರೀ, ನಿಧಾನ" ಎನ್ನುತ್ತಿದ್ದಳು.

ಸ್ಟೀರಿಂಗ್ ಎಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದರಲ್ಲ! ನಾನು ಎಡಕ್ಕೆ ಎಳೆದರೆ ಜೀಪು ಯೋಚನೆ ಮಾಡಿ, ಆಮೇಲೆ ಎಡಕ್ಕೆ ಬರುತ್ತಿತ್ತು. "ಬಲಕ್ಕಕ್ಕಾ, ಬಲಕ್ಕೆ, ಮೋರಿ ಐತೆ" ಎಂದು ಬಸಣ್ಣ. "ಕಾಣ್ತೈತೋ ಮಾರಾಯ" ಎಂದು ನಾನು. ನಿಜವಾಗಿ ಕಾಣುತ್ತಿರಲಿಲ್ಲ, ಕನ್ನಡಕ ಮನೆಯಲ್ಲಿತ್ತು.

ದುರ್ಗದ ಹಳೇ ಬೀದಿಗಳೆಲ್ಲ ಬೆಟ್ಟದ ಕಡೆಯಿಂದ ಪೇಟೆಯ ಕಡೆಗೆ ಇಳಿಜಾರು. ದಿನವೂ ಓಡಾಡುವವರಿಗೆ ಅದು ಕಾಣುವುದಿಲ್ಲ. ಹಿಟ್ಟಿನ ಗಿರಣಿಯ ಹತ್ತಿರ ಬಂದಾಗ ಹಿಂದೆ ತಿಪ್ಪೇಸ್ವಾಮಿಯ ಧ್ವನಿ ಸ್ವಲ್ಪ ದೂರದಿಂದ ಕೇಳಿಸಿತು. "ಬಿಡ್ರಿ, ಬಿಡ್ರಿ, ಅದೇ ಹೊಂಟೈತೆ!" ತಳ್ಳುವವರ ಚಪ್ಪಲಿಯ ಸದ್ದು ನಿಂತಿತು. ಶಾಂತ ಹಿಂದೆ ಉಳಿದಳು. ಇಂಜಿನ್ನಿನ ಸದ್ದಿಲ್ಲ, ಯಾರ ಕೂಗೂ ಇಲ್ಲ, ಚಕ್ರದ ಕೆಳಗೆ ಜಲ್ಲಿಯ ಸದ್ದು ಮಾತ್ರ. ಹಣೆಗೆ ಗಾಳಿ ಬಡಿಯತೊಡಗಿತು. ಸೆರಗು ಸಿಕ್ಕಿಸಿದ್ದು ಬಿಚ್ಚಿಕೊಂಡಿತು. ಕೈ ಬಿಟ್ಟು ಅದನ್ನು ಹಿಡಿಯುವಂತಿರಲಿಲ್ಲ.

"ಬಸೂ, ಬ್ರೇಕ್ ಹಿಡಿಯೋ."

"ಹಿಡ್ದಿದೀನಿ ಅಕ್ಕ."

ನೋಡಿದೆ. ಅವನ ಕೈ ಬ್ರೇಕಿನ ಮೇಲೆ ಇತ್ತು, ನಿಜ. ಎಳೆದಿರಲಿಲ್ಲ.

"ಎಳಿಯೋ!"

"ಎಳೀತೀನಿ ಇರಕ್ಕ. ಇನ್ನೊಂಚೂರು ಹೋಗ್ಲಿ."

ಅವನು ಬೀದಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ನಾನು ಕುತ್ತಿಗೆ ಇನ್ನಷ್ಟು ನೆಟ್ಟಗೆ ಮಾಡಿಕೊಂಡೆ.